ನಾಯಿಗೆ ಪಾಲಿಸಿ ಮಾಡಿಸುವ ಮುಂಚೆ ನಿಮ್ಮ ಡಾಕ್ಟರ್ ಬಿಲ್ ಕೊಡ್ತಾರಾ ನೋಡಿ

ಪ್ರಶ್ನೆ: ನಮ್ಮದು ಬಳ್ಳಾರಿ. ಮನೆಯಲ್ಲಿ ಎರಡು ವರ್ಷದ ಲ್ಯಾಬ್ರಡಾರ್ ಇದೆ, ಹೆಸರು ಶೇರು. ಜೊತೆಗೆ ಬೀದಿಯಿಂದ ತಂದು ಸಾಕಿದ ಕರಿಯ, ಅವನಿಗೆ ಒಂಬತ್ತು ದಾಟಿದೆ. ಹೋದ ಬೇಸಿಗೆಯಲ್ಲಿ ಶೇರುಗೆ ಉಣ್ಣಿ ಜ್ವರ ಬಂದು ಹತ್ತಿರ ಹತ್ತಿರ ಎಂಟು ಸಾವಿರ ಖರ್ಚಾಯಿತು. ನಮ್ಮ ಬೈಕ್ ವಿಮೆ ಮಾಡಿಸುವ ಏಜೆಂಟ್ ಈಗ ನಾಯಿಗೂ ಪಾಲಿಸಿ ಇದೆ, ವರ್ಷಕ್ಕೆ ಐದು ಸಾವಿರದ ಆಸುಪಾಸು, 50 ಸಾವಿರದ ಕವರ್ ಎನ್ನುತ್ತಿದ್ದಾರೆ. ಮಾವನವರು ಮಾತ್ರ ‘ಎಮ್ಮೆಗೆ ಮಾಡಿಸಿದ್ದು ಕಂಡೀವಿ, ನಾಯಿಗೆಂಥಾ ಇನ್ಸೂರೆನ್ಸು’ ಎಂದು ನಗುತ್ತಾರೆ. ಮಾಡಿಸಬೇಕಾ, ಬೇಡ್ವಾ?

ಉತ್ತರ: ಶೇರುಗೆ ಮಾಡಿಸಬಹುದು. ಆದರೆ ಏಜೆಂಟ್ ತಂದ ಫಾರ್ಮ್‌ಗೆ ಇವತ್ತೇ ಸಹಿ ಹಾಕಬೇಡಿ. ಕರಿಯನಿಗೆ ಈ ವಯಸ್ಸಿನಲ್ಲಿ ಹೊಸ ಪಾಲಿಸಿ ಸಿಗುವುದು ಕಷ್ಟ. ಅವನ ಹೆಸರಲ್ಲಿ ತಿಂಗಳಿಗಿಷ್ಟು ಅಂತ ದುಡ್ಡು ಪಕ್ಕಕ್ಕೆ ಇಡಿ. ಇನ್ನು ಹೋದ ಬೇಸಿಗೆಯ ಆ ಎಂಟು ಸಾವಿರ ಇದೆಯಲ್ಲ, ಆಗ ಈ ಪಾಲಿಸಿ ಇದ್ದಿದ್ದರೂ ಅದು ವಾಪಸ್ ಬರುವುದು ಅನುಮಾನವೇ ಇತ್ತು. ಏಜೆಂಟ್ ಇದನ್ನು ಹೇಳಿರಲಿಕ್ಕಿಲ್ಲ. ಆ ದುಡ್ಡು ಯಾಕೆ ಬರುತ್ತಿರಲಿಲ್ಲ ಅನ್ನುವುದು ತಿಳಿದರೆ, ನಾಯಿ ವಿಮೆಯ ಮುಕ್ಕಾಲು ಪಾಲು ವಿಷಯ ತಿಳಿದ ಹಾಗೆ.

ಮೊದಲು ನಿಮ್ಮ ಮಾವನವರ ಮಾತು. ಅವರು ನಕ್ಕಿದ್ದರಲ್ಲಿ ತಪ್ಪೇನಿಲ್ಲ. ನಮ್ಮ ಕಡೆ ವಿಮೆ ಅಂದರೆ ಎಮ್ಮೆ, ಆಕಳು, ಎತ್ತು, ಕುರಿ. ಡಾಕ್ಟರ್ ಬಂದು ನೋಡುತ್ತಾರೆ, ಬೆಲೆ ಕಟ್ಟುತ್ತಾರೆ, ಕಿವಿಗೆ ಓಲೆ ಹಾಕುತ್ತಾರೆ. ದನ ಸತ್ತರೆ ಆ ಬೆಲೆ ಬರುತ್ತದೆ, ಬದುಕಿದ್ದರೆ ಏನೂ ಇಲ್ಲ. ಚಿಕಿತ್ಸೆಯ ಖರ್ಚನ್ನು ಅಲ್ಲಿ ಯಾರೂ ಕೇಳುವುದೇ ಇಲ್ಲ. ಸರ್ಕಾರವೂ ಕೈ ಹಿಡಿಯುತ್ತದೆ. ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ 2024ರ ಬದಲಾವಣೆ ಆದಮೇಲೆ ರೈತರ ಪಾಲು ಕಂತಿನ ಶೇ. 15 ಮಾತ್ರ, ಉಳಿದದ್ದನ್ನು ಕೇಂದ್ರ ಮತ್ತು ರಾಜ್ಯ ಹಂಚಿಕೊಳ್ಳುತ್ತವೆ. ನಾಯಿಗೆ ಇಂಥ ಸಹಾಯಧನ ಯಾವುದೂ ಇಲ್ಲ. ಪೂರ್ತಿ ಕಂತು ನಿಮ್ಮ ಜೇಬಿನಿಂದಲೇ ಹೋಗಬೇಕು.

ಆದರೆ ನಾಯಿ ಪಾಲಿಸಿಯಲ್ಲೂ ಎರಡು ಜಾತಿ ಇದೆ. ನ್ಯೂ ಇಂಡಿಯಾ ಅಶ್ಯೂರೆನ್ಸ್, ಓರಿಯೆಂಟಲ್‌ನಂಥ ಸರ್ಕಾರಿ ಕಂಪನಿಗಳಲ್ಲಿ ಮೊದಲಿನಿಂದ ಇರುವ ಪಾಲಿಸಿ ಹೆಚ್ಚುಕಡಿಮೆ ಎಮ್ಮೆ ವಿಮೆಯ ಥರದ್ದೇ. ನಾಯಿಯ ಪೇಟೆ ಬೆಲೆಯೇ ವಿಮಾ ಮೊತ್ತ. ಅಪಘಾತದಿಂದಲೋ ಕಾಯಿಲೆಯಿಂದಲೋ ಸತ್ತರೆ ದುಡ್ಡು. ವಯಸ್ಸು ಸಾಮಾನ್ಯವಾಗಿ 8 ವಾರದಿಂದ 8 ವರ್ಷದೊಳಗೆ ಇರಬೇಕು. ಎರಡನೆಯ ಜಾತಿ ಈಚೆಗೆ ಬಂದದ್ದು. 2020ರಲ್ಲಿ ಬಜಾಜ್ ಅಲಿಯಾನ್ಸ್ ತಂದಿತು. ಆಮೇಲೆ ಫ್ಯೂಚರ್ ಜನರಾಲಿ, ಡಿಜಿಟ್, ಎಚ್‌ಡಿಎಫ್‌ಸಿ ಎರ್ಗೊ ಇವೆಲ್ಲ ಬಂದವು. ಕೆಲವು ಕಂಪನಿಗಳ ಹೆಸರು ಈಗ ಬದಲಾಗಿದೆ, ಅದು ಬೇರೆ ಮಾತು. ಇವುಗಳಲ್ಲಿ ಮುಖ್ಯವಾಗಿ ಸಿಗುವುದು ಆಪರೇಷನ್ ಮತ್ತು ಆಸ್ಪತ್ರೆ ಖರ್ಚು. ಸಾವು, ಕಳವು, ನಾಯಿ ಬೇರೆಯವರನ್ನು ಕಚ್ಚಿದರೆ ಪರಿಹಾರ, ಹೊರರೋಗಿ ಚಿಕಿತ್ಸೆ ಇವೆಲ್ಲ ಹೆಚ್ಚಿನ ಪಾಲಿಸಿಗಳಲ್ಲಿ ಬೇರೆ ಬೇರೆ ತುಣುಕುಗಳು. ಒಂದೊಂದಕ್ಕೂ ಬೇರೆ ದುಡ್ಡು.

ಹಾಗಾಗಿ ಏಜೆಂಟ್‌ಗೆ ಕೇಳಬೇಕಾದ ಮೊದಲ ಪ್ರಶ್ನೆ: ನೀವು ಹೇಳುತ್ತಿರುವ ಈ 50 ಸಾವಿರ ನಾಯಿ ಸತ್ತರೆ ಬರುವುದೋ, ಬದುಕಿಸಲು ಬರುವುದೋ? ಬೈಕ್ ವಿಮೆ ಮಾಡಿಸುವವರಿಗೆ ಒಮ್ಮೊಮ್ಮೆ ಇದು ಅವರಿಗೇ ಸ್ಪಷ್ಟ ಇರುವುದಿಲ್ಲ. ತಪ್ಪು ತಿಳಿಯಬೇಡಿ, ಅವರು ವರ್ಷಕ್ಕೆ ನೂರಾರು ಬೈಕ್ ಪಾಲಿಸಿ ಮಾಡಿಸುತ್ತಾರೆ, ನಾಯಿಯದು ಎಲ್ಲೋ ಅಪರೂಪಕ್ಕೆ ಒಂದು.

ಈಗ ಉಣ್ಣಿ ಜ್ವರಕ್ಕೆ ಬರೋಣ. ನಾನು ವಿಮಾ ಕ್ಲೇಮುಗಳ ಕೆಲಸ ಮಾಡಿದವನು, ಪಶುವೈದ್ಯನಲ್ಲ. ಆದರೂ ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ನಾಯಿ ಸಾಕಿದವರ ಖರ್ಚಿನ ಚೀಟಿ ನೋಡಿದರೆ ಮೇಲಿನ ಸಾಲಿನಲ್ಲೇ ಕಾಣುವುದು ಇದು. ಬಿಸಿಲಿನ ಊರು, ಉಣ್ಣಿಗೆ ಹಬ್ಬ. ಎರ್ಲಿಕಿಯಾ ಅಂತ ಒಂದು ರೋಗಾಣು, ಬೆಬಿಸಿಯಾ ಅಂತ ಇನ್ನೊಂದು, ಎರಡೂ ಉಣ್ಣಿ ಕಡಿದು ರಕ್ತ ಸೇರುತ್ತವೆ. ನಾಯಿ ಊಟ ಬಿಡುತ್ತದೆ, ಜ್ವರ ಬರುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ, ಕೆಲವಕ್ಕೆ ಮೂಗಿನಲ್ಲಿ ರಕ್ತ. ನೀವು ಏನು ಮಾಡಿರುತ್ತೀರಿ? ಬೆಳಿಗ್ಗೆ ಕರೆದುಕೊಂಡು ಹೋಗಿರುತ್ತೀರಿ. ರಕ್ತ ಪರೀಕ್ಷೆ ಆಗಿರುತ್ತದೆ. ಕ್ಲಿನಿಕ್ಕಿನಲ್ಲಿ ಒಂದೆರಡು ಗಂಟೆ ಸಲೈನ್ ಹಚ್ಚಿ ಮನೆಗೆ ಕಳಿಸಿರುತ್ತಾರೆ. ಹೀಗೆ ಮೂರ್ನಾಲ್ಕು ದಿನ. ಆಮೇಲೆ ಡಾಕ್ಸಿಸೈಕ್ಲಿನ್ ಮಾತ್ರೆ ಮೂರು ನಾಲ್ಕು ವಾರ. ಎಲ್ಲ ಸೇರಿ ಎಂಟು ಸಾವಿರ.

ಇದರಲ್ಲಿ ಶೇರು ಒಂದು ರಾತ್ರಿಯೂ ಆಸ್ಪತ್ರೆಯಲ್ಲಿ ಉಳಿದಿಲ್ಲ. ವಿಮಾ ಕಂಪನಿಯ ಕಣ್ಣಲ್ಲಿ ಇದು ಹೊರರೋಗಿ ಚಿಕಿತ್ಸೆ, ಅಂದರೆ ಓಪಿಡಿ. ಮೂಲ ಪಾಲಿಸಿ ಕೊಡುವುದು ದಾಖಲಾದ ನಾಯಿಗೆ, ಆಪರೇಷನ್ ಆದ ನಾಯಿಗೆ. ನಮ್ಮ ಕಡೆ ರಾತ್ರಿ ನಾಯಿಯನ್ನು ಇಟ್ಟುಕೊಂಡು ನೋಡುವ ಕ್ಲಿನಿಕ್ ಎಷ್ಟಿವೆ ಹೇಳಿ? ಬೆಂಗಳೂರಿನಲ್ಲಿ ದಾಖಲು ಮಾಡಿಕೊಳ್ಳುವ ಕಾಯಿಲೆಗೇ ಇಲ್ಲಿ ದಿನಾ ಬಂದು ಸಲೈನ್ ಹಚ್ಚಿಸಿಕೊಂಡು ಹೋಗಿ ಅನ್ನುತ್ತಾರೆ. ಡಾಕ್ಟರದೂ ತಪ್ಪಲ್ಲ, ಜಾಗವೂ ಜನವೂ ಬೇಕಲ್ಲ. ಆದರೆ ಪಾಲಿಸಿ ಬರೆದವರ ತಲೆಯಲ್ಲಿ ಇರುವುದು ದೊಡ್ಡ ಊರಿನ ಆಸ್ಪತ್ರೆ. ನಮ್ಮ ಊರಿನಲ್ಲಿ ಕ್ಲೇಮು ಜಾರಿ ಬೀಳುವುದು ಹೆಚ್ಚಾಗಿ ಇಲ್ಲೇ.

ಹಾಗಾದರೆ ಓಪಿಡಿ ತುಣುಕನ್ನೂ ಸೇರಿಸಿಕೊಳ್ಳೋಣ ಅಂದರೆ? ಸಿಗುತ್ತದೆ, ಕಂತು ಏರುತ್ತದೆ, ವರ್ಷಕ್ಕೆ ಇಷ್ಟೇ ಅಂತ ಮಿತಿಯೂ ಇರುತ್ತದೆ. ಪ್ರತಿ ಬಿಲ್ಲಿನಲ್ಲಿ ಒಂದು ಪಾಲು ನಿಮ್ಮದು ಅನ್ನುವ ಕೋ-ಪೇ ಷರತ್ತೂ ಇರಬಹುದು. ಕೂಡಿಸಿ ಕಳೆದು ನೋಡಿ. ಹೆಚ್ಚಿನ ಮನೆಗಳಿಗೆ ಇದು ತಮ್ಮ ದುಡ್ಡನ್ನೇ ಕಂಪನಿಗೆ ಕೊಟ್ಟು, ಸ್ವಲ್ಪ ಕಡಿತ ಮಾಡಿಸಿಕೊಂಡು ವಾಪಸ್ ತೆಗೆದುಕೊಂಡ ಲೆಕ್ಕ. ನಾನಾದರೆ ಓಪಿಡಿ ಬಿಡುತ್ತೇನೆ. ಆ ದುಡ್ಡಿಗೆ ಉಣ್ಣಿ ಮಾತ್ರೆ ಅಥವಾ ಉಣ್ಣಿ ಬೆಲ್ಟ್ ತರುತ್ತೇನೆ.

ಇನ್ನೊಂದು ಮಾತು, ಇದು ಶೇರುವಿಗೇ ಸಂಬಂಧಪಟ್ಟದ್ದು. ಪಾಲಿಸಿಯ ಅರ್ಜಿಯಲ್ಲಿ ‘ಹಿಂದೆ ಏನಾದರೂ ಕಾಯಿಲೆ ಇತ್ತಾ’ ಎಂದು ಕೇಳುತ್ತಾರೆ. ಏಜೆಂಟ್ ‘ಇಲ್ಲ ಅಂತ ಬರೀರಿ, ಸುಮ್ನೆ ತಕರಾರು ಯಾಕೆ’ ಎನ್ನಬಹುದು. ಬರೆಯಬೇಡಿ. ಹೋದ ಬೇಸಿಗೆ ಉಣ್ಣಿ ಜ್ವರ ಬಂದಿತ್ತು, ಇಂಥ ಔಷಧ ಕೊಟ್ಟರು, ಗುಣವಾಯಿತು ಅಂತ ಇದ್ದದ್ದನ್ನೇ ಬರೆಯಿರಿ. ಎರ್ಲಿಕಿಯಾ ಕೆಲವು ನಾಯಿಗಳ ಮೈಯಲ್ಲಿ ಅಡಗಿದ್ದು ಮತ್ತೆ ತಲೆ ಎತ್ತುತ್ತದೆ. ನಾಳೆ ದೊಡ್ಡ ಕ್ಲೇಮು ಹಾಕಿದಾಗ ಕಂಪನಿಯವರು ಹಳೆಯ ಚೀಟಿ ಕೇಳಿಯೇ ಕೇಳುತ್ತಾರೆ. ಮುಚ್ಚಿಟ್ಟದ್ದು ಕಂಡರೆ ಉಣ್ಣಿ ಜ್ವರದ್ದಷ್ಟೇ ಅಲ್ಲ, ಸಂಬಂಧವೇ ಇಲ್ಲದ ಕಾಲು ಮುರಿತದ ಕ್ಲೇಮಿಗೂ ಕಲ್ಲು ಬೀಳುತ್ತದೆ.

ಪಾಲಿಸಿ ನಿಜವಾಗಿ ಕೆಲಸಕ್ಕೆ ಬರುವ ಸಂದರ್ಭಗಳೂ ಇವೆ, ಅವನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಲ್ಯಾಬ್ರಡಾರ್‌ಗಳು ಸಿಕ್ಕಿದ್ದೆಲ್ಲ ನುಂಗುತ್ತವೆ. ಮಾವಿನ ಗೊರಟೆ, ಮೆಕ್ಕೆಜೋಳದ ದಿಂಡು, ಕಾಲುಚೀಲ, ಮಕ್ಕಳ ಚೆಂಡು. ಗೊರಟೆ ಕರುಳಿನಲ್ಲಿ ಸಿಕ್ಕಿಕೊಂಡರೆ ಹೊಟ್ಟೆ ಕೊಯ್ಯದೆ ಬೇರೆ ದಾರಿ ಇಲ್ಲ. ಗಾಡಿ ಗುದ್ದಿ ಕಾಲು ಮುರಿದರೆ ಪ್ಲೇಟು, ರಾಡು. ಹೆಣ್ಣು ನಾಯಿಗೆ ಆಪರೇಷನ್ ಮಾಡಿಸದೆ ಬಿಟ್ಟಿದ್ದರೆ ವಯಸ್ಸಾದಂತೆ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ ಬರಬಹುದು, ಅದೂ ತುರ್ತು ಆಪರೇಷನ್. ಗ್ರೇಟ್ ಡೇನ್‌ನಂಥ ಭಾರೀ ನಾಯಿಗೆ ಹೊಟ್ಟೆ ಉಬ್ಬಿ ತಿರುಚಿಕೊಂಡರೆ ಕೆಲವೇ ಗಂಟೆ ಸಮಯ. ಇಂಥವಕ್ಕೆಲ್ಲ ಒಂದೇ ಏಟಿಗೆ ಮೂವತ್ತು ನಲವತ್ತು ಸಾವಿರ ಹೋಗಬಹುದು. ಎಲ್ಲರ ಕೈಯಲ್ಲೂ ಅಷ್ಟು ದುಡ್ಡು ರೆಡಿ ಇರುವುದಿಲ್ಲ ಅಲ್ವಾ?

ಹಾವಿನ ಕಡಿತವನ್ನೂ ಈ ಪಟ್ಟಿಗೆ ಸೇರಿಸಿ. ಕಾಲುವೆ ಕೆಳಗಿನ ಗದ್ದೆ ಕಡೆ, ಸಿರುಗುಪ್ಪ, ಗಂಗಾವತಿ, ಸಿಂಧನೂರು ಭಾಗದಲ್ಲಿ ಮನೆ ಇದ್ದವರಿಗೆ ಇದು ದೂರದ ಮಾತಲ್ಲ. ನಾಗರಹಾವು, ಕೊಳಕುಮಂಡಲ ಎರಡಕ್ಕೂ ನಾಯಿ ಎದುರು ಹೋಗಿ ನಿಲ್ಲುತ್ತದೆ, ಮೂತಿಗೋ ಮುಂಗಾಲಿಗೋ ಕಡಿಸಿಕೊಳ್ಳುತ್ತದೆ. ಮನುಷ್ಯರಿಗೆ ಕೊಡುವ ಪ್ರತಿವಿಷವನ್ನೇ ನಾಯಿಗೂ ಕೊಡುತ್ತಾರೆ. ಒಂದು ಬಾಟ್ಲಿಗೆ ಮುಗಿಯದೆ ಮತ್ತೆ ಮತ್ತೆ ಕೊಡಬೇಕಾಗಬಹುದು. ಪಾಲಿಸಿಯಲ್ಲಿ ‘ಅಪಘಾತ’ ಎಂಬ ಮಾತಿನೊಳಗೆ ಹಾವಿನ ಕಡಿತ ಸೇರಿದೆಯೇ ಎಂದು ಬಾಯಿಮಾತಿನಲ್ಲಿ ಕೇಳಿ ಬಿಡಬೇಡಿ. ಇಮೇಲ್‌ನಲ್ಲೋ ವಾಟ್ಸಾಪ್‌ನಲ್ಲೋ ಬರೆಸಿಕೊಳ್ಳಿ.

ಇಷ್ಟೆಲ್ಲ ಕೇಳಿ ಮಾಡಿಸಿಯೇಬಿಡೋಣ ಅನ್ನಿಸಿದರೆ ಸ್ವಲ್ಪ ತಡೆಯಿರಿ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ ಇನ್ನೂ ಇದೆ, ಅದು ಕಾಗದದ್ದು.

ಮನುಷ್ಯರ ವಿಮೆಯಲ್ಲಿ ಕಾರ್ಡ್ ತೋರಿಸಿದರೆ ಆಸ್ಪತ್ರೆಯವರೇ ಕಂಪನಿಯ ಜೊತೆ ಮಾತಾಡಿಕೊಳ್ಳುತ್ತಾರೆ. ನಾಯಿ ವಿಮೆಯಲ್ಲಿ ಆ ಸೌಕರ್ಯವನ್ನು ನಮ್ಮ ಜಿಲ್ಲೆಗಳಲ್ಲಿ ಎಣಿಸಿಕೊಳ್ಳಬೇಡಿ. ಮೊದಲು ನೀವು ಕಟ್ಟುತ್ತೀರಿ, ಆಮೇಲೆ ಕಾಗದ ಕಳಿಸುತ್ತೀರಿ, ಅವರು ನೋಡಿ ಕೊಡುತ್ತಾರೆ. ಏನೇನು ಕಾಗದ? ಡಾಕ್ಟರ ಹೆಸರು, ನೋಂದಣಿ ಸಂಖ್ಯೆ ಇರುವ ಚೀಟಿ. ನಂಬರ್ ಇರುವ ಬಿಲ್. ಔಷಧ ಅಂಗಡಿಯ ಬಿಲ್. ಲ್ಯಾಬ್ ವರದಿ, ಎಕ್ಸ್‌ರೇ. ದಾಖಲಾಗಿದ್ದರೆ ಯಾವಾಗ ಸೇರಿತು, ಯಾವಾಗ ಹೊರಬಂತು ಅನ್ನುವ ಡಿಸ್ಚಾರ್ಜ್ ಚೀಟಿ. ಲಸಿಕೆ ಕಾರ್ಡ್. ಪಾಲಿಸಿಯಲ್ಲಿರುವ ನಾಯಿಯೇ ಇದು ಎಂದು ತೋರಿಸಲು ಫೋಟೋ, ಚಿಪ್ ಇದ್ದರೆ ಚಿಪ್ ನಂಬರ್.

ನಮ್ಮ ಕಡೆ ನಡೆಯುವುದು ಹೇಗೆ? ಡಾಕ್ಟರು ಡ್ಯೂಟಿ ಮುಗಿಸಿ ಮನೆಗೇ ಬಂದು ಇಂಜೆಕ್ಷನ್ ಹಾಕಿ ಹೋಗುತ್ತಾರೆ. ನೀವು ಕೈಗೆ ದುಡ್ಡು ಕೊಡುತ್ತೀರಿ ಅಥವಾ ಫೋನ್‌ಪೇ ಮಾಡುತ್ತೀರಿ. ಔಷಧದ ಹೆಸರು ಸಣ್ಣ ಚೀಟಿಯ ಮೇಲೆ ಇರುತ್ತದೆ, ತಾರೀಖು ಇದ್ದರೆ ಪುಣ್ಯ. ಅಂಗಡಿಯವನು ಬಿಲ್ ಕೇಳಿದರೆ ಮುಖ ನೋಡುತ್ತಾನೆ. ಸರ್ಕಾರಿ ಪಶು ಆಸ್ಪತ್ರೆಗೆ ಹೋದರೆ ಶುಲ್ಕ ತೀರಾ ಕಡಿಮೆ, ಒಳ್ಳೆಯದೇ, ಆದರೆ ದೊಡ್ಡ ಖರ್ಚೆಲ್ಲ ಹೊರಗಿನಿಂದ ತಂದ ಔಷಧದ್ದು. ಅದರ ಬಿಲ್ ನಿಮ್ಮ ಹತ್ತಿರ ಇರುವುದಿಲ್ಲ. ಹೀಗಿರುವಾಗ ಚಿಕಿತ್ಸೆ ಎಷ್ಟೇ ಚೆನ್ನಾಗಿ ಆಗಿದ್ದರೂ ಕ್ಲೇಮು ಎದ್ದು ನಿಲ್ಲುವುದಿಲ್ಲ. ಫೋನ್‌ಪೇ ಸ್ಕ್ರೀನ್‌ಶಾಟ್ ಬಿಲ್ ಆಗುವುದಿಲ್ಲ.

ಆದ್ದರಿಂದ ಏಜೆಂಟ್‌ಗೆ ಫೋನ್ ಮಾಡುವ ಮುಂಚೆ ನಿಮ್ಮ ಡಾಕ್ಟರ್ ಹತ್ತಿರ ಹೋಗಿ ಕೇಳಿ. ‘ಡಾಕ್ಟ್ರೇ, ನೋಂದಣಿ ಸಂಖ್ಯೆ ಹಾಕಿ ಬಿಲ್ ಕೊಡ್ತೀರಾ? ಆಪರೇಷನ್ ಬಂದರೆ ನೀವೇ ಮಾಡ್ತೀರಾ, ಎಲ್ಲಿಗೆ ಕಳಿಸ್ತೀರಾ?’ ಮೊದಲನೆಯದಕ್ಕೆ ಉತ್ತರ ‘ಇಲ್ಲ’ ಅಂತಾದರೆ, ಬೇರೆ ಡಾಕ್ಟರ್ ಸಿಗುವ ತನಕ ಪಾಲಿಸಿಯ ಯೋಚನೆ ಪಕ್ಕಕ್ಕಿಡಿ.

ಎರಡನೆಯ ಪ್ರಶ್ನೆಯೂ ದುಡ್ಡಿನದೇ. ಬಳ್ಳಾರಿಯಿಂದ ದೊಡ್ಡ ಆಪರೇಷನ್‌ಗೆ ಬೆಂಗಳೂರು ಅಂದರೆ 300 ಕಿ.ಮೀ. ಮೇಲಾಯಿತು. ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ, ಆದರೂ 200 ಕಿ.ಮೀ. ಆಸುಪಾಸು. ಕೊಪ್ಪಳದವರು ಪುಣ್ಯವಂತರು, ಪಕ್ಕದ ಗದಗದಲ್ಲೇ ಪಶುವೈದ್ಯಕೀಯ ಕಾಲೇಜಿದೆ. ಕಾರಿನ ಬಾಡಿಗೆ, ನಿಮ್ಮ ಊಟ, ಲಾಡ್ಜ್ ಇವು ಸಾಮಾನ್ಯವಾಗಿ ಪಾಲಿಸಿಯೊಳಗೆ ಬರುವುದಿಲ್ಲ. ನಾಯಿ ಇದೆ ಅಂದರೆ ಕಾರಿನವರೂ ಜಾಸ್ತಿ ಕೇಳುತ್ತಾರೆ.

ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ಅಂದಾಜಿಗೆ, ನಿಮ್ಮ ಪಾಲಿಸಿಯ ಅಂಕಿ ಹಾಕಿಕೊಂಡು ನೀವೇ ಮತ್ತೆ ಮಾಡಿ. ಶೇರು ಗೊರಟೆ ನುಂಗಿದ, ಆಪರೇಷನ್ ಬಿಲ್ 40 ಸಾವಿರ ಆಯಿತು ಅಂದುಕೊಳ್ಳಿ. ಪಾಲಿಸಿ 50 ಸಾವಿರದ್ದು ನಿಜ, ಆದರೆ ಒಂದು ಕಾಯಿಲೆಗೆ 30 ಸಾವಿರ ಮಿತಿ ಅಂತ ಒಳಗೆ ಎಲ್ಲೋ ಬರೆದಿದೆ. ಅದರ ಮೇಲೆ ಶೇ. 10 ಕೋ-ಪೇ. ಕೈಗೆ ಬರುವುದು 27 ಸಾವಿರ. ಉಳಿದ 13 ಸಾವಿರ ಮತ್ತು ಬೆಂಗಳೂರಿನ ಓಡಾಟ ನಿಮ್ಮದು. ವರ್ಷಕ್ಕೆ ಐದು ಸಾವಿರದಂತೆ ಐದು ವರ್ಷ ಕಟ್ಟಿದರೆ 25 ಸಾವಿರ. ಅಂದರೆ ಐದು ವರ್ಷದಲ್ಲಿ ಇಂಥದ್ದು ಒಂದು ಸಲ ಆದರೆ ಕಟ್ಟಿದ್ದು ಬಂತು. ಎರಡು ಸಲ ಆದರೆ ಒಳ್ಳೆಯ ಲಾಭ, ಅಂಥ ಲಾಭ ಯಾರಿಗೂ ಬೇಡ. ಆಗದೇ ಇದ್ದರೆ ಕಟ್ಟಿದ್ದು ಹೋಯಿತು, ನಾಯಿ ಚೆನ್ನಾಗಿದೆ.

ಇದಕ್ಕಿಂತ ತುಸು ಹೆಚ್ಚು, ತಿಂಗಳಿಗೆ 500 ರೂಪಾಯಿಯಂತೆ ನೀವೇ ಇಟ್ಟರೆ ಐದು ವರ್ಷಕ್ಕೆ 30 ಸಾವಿರ, ಬಡ್ಡಿ ಬೇರೆ. ಅದಕ್ಕೆ ಬಿಲ್ ಬೇಡ, ಕೋ-ಪೇ ಇಲ್ಲ, ಉಣ್ಣಿ ಜ್ವರಕ್ಕೂ ಬಳಸಬಹುದು. ತೊಂದರೆ ಒಂದೇ. ಮೊದಲ ವರ್ಷವೇ ಗಾಡಿ ಗುದ್ದಿದರೆ ಡಬ್ಬಿಯಲ್ಲಿ ಇರುವುದು ಮೂರು ನಾಲ್ಕು ಸಾವಿರ. ಹಾಗೆಯೇ ಇದಕ್ಕೆ ಪೋಸ್ಟ್ ಆಫೀಸಿನ ಆರ್‌ಡಿ ಸರಿಹೋಗುವುದಿಲ್ಲ, ಮೂರು ವರ್ಷ ಆಗುವ ಮುಂಚೆ ಅದನ್ನು ಮುರಿಯಲು ಬರುವುದಿಲ್ಲ. ಬೇಕೆಂದಾಗ ತೆಗೆಯಲು ಬರುವ ಉಳಿತಾಯ ಖಾತೆಯೇ ಸರಿ.

ವಯಸ್ಸಿನ ವಿಷಯವನ್ನೂ ಇಲ್ಲಿ ನೋಡಬೇಕು. ಲ್ಯಾಬ್ರಡಾರ್ ಹತ್ತು ಹನ್ನೆರಡು ವರ್ಷ ಬಾಳುತ್ತದೆ. ಖರ್ಚು ಹೆಚ್ಚುವುದು ಎಂಟರ ಮೇಲೆ: ಗಡ್ಡೆ, ಕೀಲು, ಕಿಡ್ನಿ. ಹೆಚ್ಚಿನ ಪಾಲಿಸಿಗಳು ಹೊಸಬರನ್ನು ಸೇರಿಸಿಕೊಳ್ಳುವುದು ಏಳೆಂಟು ವರ್ಷದೊಳಗೆ, ದೊಡ್ಡ ಗಾತ್ರದ ತಳಿಗಳಿಗೆ ಇನ್ನೂ ಕಡಿಮೆ. ಸೇರಿದವರನ್ನೂ ಒಂದು ವಯಸ್ಸು ದಾಟಿದ ಮೇಲೆ ಬಿಡುತ್ತವೆ. ಅಂದರೆ ಬೇಕಾದ ಹೊತ್ತಿಗೆ ಪಾಲಿಸಿ ಎದ್ದು ಹೋಗುತ್ತದೆ. ಅದಕ್ಕೇ ನನ್ನ ಅಭಿಪ್ರಾಯ ಇದು: ಈಗ ಎರಡು ವರ್ಷದ ಶೇರುಗೆ ಅಪಘಾತ, ಆಪರೇಷನ್ ಮಾತ್ರ ಇರುವ ಚಿಕ್ಕ ಪಾಲಿಸಿ ತೆಗೆದುಕೊಳ್ಳಿ. ಜೊತೆಗೆ ತಿಂಗಳಿಗೆ ಮುನ್ನೂರೋ ನಾನೂರೋ ಬೇರೆ ಇಡುತ್ತಾ ಬನ್ನಿ. ಏಳು ವರ್ಷ ಆಗುವ ಹೊತ್ತಿಗೆ ಆ ದುಡ್ಡು ಬೆಳೆದಿರುತ್ತದೆ, ಆಗ ಪಾಲಿಸಿ ಬಿಟ್ಟರೂ ನಡೆಯುತ್ತದೆ.

ಕರಿಯನ ವಯಸ್ಸು ಕಾಗದದಲ್ಲಿ ಇಲ್ಲವಲ್ಲ, ಕಡಿಮೆ ಬರೆಸಿದರೆ ಹೇಗೆ ಅಂತ ಯಾರಾದರೂ ಉಪಾಯ ಹೇಳಿಯಾರು. ಡಾಕ್ಟರು ಹಲ್ಲು ನೋಡಿಯೇ ಪ್ರಮಾಣಪತ್ರ ಕೊಡುವುದು, ಬೇಡ. ಊರ ನಾಯಿಗೆ ವಿಮೆಯೇ ಇಲ್ಲ ಅನ್ನುವುದು ಮಾತ್ರ ತಪ್ಪು ಮಾತು. ದೇಸಿ, ಬೆರಕೆ ನಾಯಿಗಳನ್ನೂ ತೆಗೆದುಕೊಳ್ಳುವ ಕಂಪನಿಗಳಿವೆ. ಮರಿ ಇರುವಾಗ ಮನೆಗೆ ತಂದವರು ಕೇಳಿ ನೋಡಬಹುದು. ಮುಧೋಳ ನಾಯಿ ಸಾಕಿದವರಿಗೂ ಇದೇ ಮಾತು. ಬೀದಿಯಲ್ಲಿ ನೀವು ಅನ್ನ ಹಾಕುವ ನಾಯಿಗಳಿಗೆ ಮಾತ್ರ ಬರುವುದಿಲ್ಲ, ವಿಮೆಗೆ ಒಬ್ಬ ಮಾಲೀಕ ಬೇಕು.

ನಾನು ತಪ್ಪದೇ ತೆಗೆದುಕೊಳ್ಳಿ ಅನ್ನುವ ತುಣುಕು ಒಂದಿದೆ, ಅದನ್ನು ಜನ ಕೇಳುವುದೇ ಇಲ್ಲ. ಮೂರನೆಯವರ ಹೊಣೆ. ಶೇರು ಗೇಟ್ ಹಾರಿ ಪಾರ್ಸೆಲ್ ತಂದ ಹುಡುಗನನ್ನು ಕಚ್ಚಿದ, ಅಥವಾ ಬೈಕಿಗೆ ಅಡ್ಡ ಓಡಿ ಯಾರನ್ನೋ ಬೀಳಿಸಿದ ಅಂದುಕೊಳ್ಳಿ. ರೇಬಿಸ್ ಲಸಿಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ನಿಜ. ಆದರೆ ಕಾಲು ಮುರಿದರೆ, ಕೆಲಸಕ್ಕೆ ಹೋಗಲಾಗದೆ ಕೂತರೆ ಅವರು ಪರಿಹಾರ ಕೇಳುವುದು ನ್ಯಾಯವೇ. ಆ ಮೊತ್ತ ನಾಯಿಯ ಯಾವ ಆಪರೇಷನ್‌ಗಿಂತಲೂ ದೊಡ್ಡದಾಗಬಹುದು. ಈ ತುಣುಕು ಇದ್ದರೆ ಕಾನೂನು ಪ್ರಕಾರ ನೀವು ಕೊಡಬೇಕಾದ ಪರಿಹಾರವನ್ನು ಒಂದು ಮಿತಿಯವರೆಗೆ ಕಂಪನಿ ಕೊಡುತ್ತದೆ. ದಂಡವನ್ನು ಮಾತ್ರ ಕೊಡುವುದಿಲ್ಲ. ಸಾಕುಪ್ರಾಣಿಯನ್ನು ಅಜಾಗರೂಕತೆಯಿಂದ ಬಿಟ್ಟು ಬೇರೆಯವರಿಗೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ 6 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇದಕ್ಕೆ ವಿಮೆ ಇಲ್ಲ. ಗೇಟಿನ ಚಿಲಕ ಸರಿಮಾಡಿಸಿ.

ಲಸಿಕೆಯ ಮಾತು ಚಿಕ್ಕದು, ಆದರೆ ಕ್ಲೇಮು ಮುರಿಯುವುದು ಇದರಿಂದಲೂ ಹೌದು. ರೇಬಿಸ್, ಡಿಸ್ಟೆಂಪರ್, ಪಾರ್ವೊ, ಲೆಪ್ಟೊ, ಹೆಪಟೈಟಿಸ್ ಇವುಗಳಿಗೆ ಲಸಿಕೆ ಇದೆ. ಹಾಕಿಸದೆ ಕಾಯಿಲೆ ಬಂದರೆ ಕಂಪನಿ ಕೈ ಎತ್ತುತ್ತದೆ. ವರ್ಷದ ಲಸಿಕೆ ಎರಡು ತಿಂಗಳು ತಡವಾಗಿದ್ದರೂ ಅವರಿಗೆ ಅದೊಂದು ನೆಪ. ಕಾರ್ಡಿನಲ್ಲಿ ಬಾಟ್ಲಿಯ ಸ್ಟಿಕ್ಕರ್ ಅಂಟಿಸಿ ಡಾಕ್ಟರ ಸಹಿ, ತಾರೀಖು ಹಾಕಿಸಿ. ಲಸಿಕೆಯ ಖರ್ಚು, ಸ್ನಾನ, ಆಹಾರ, ಹೆರಿಗೆ, ಬಾಲ ಕತ್ತರಿಸುವಂಥ ಚಂದದ ಕೆಲಸ ಇವು ಯಾವುದನ್ನೂ ಸಾಮಾನ್ಯವಾಗಿ ಕೊಡುವುದಿಲ್ಲ. ಪಾಲಿಸಿ ಶುರುವಾದ ಕೂಡಲೇ ಕಾಯಿಲೆಗೆ ಕವರ್ ಸಿಗುವುದಿಲ್ಲ, ಕಾಯುವ ಅವಧಿ ಇರುತ್ತದೆ. ಅದು 15 ದಿನವೋ, 30 ದಿನವೋ, ಇನ್ನೂ ಜಾಸ್ತಿಯೋ ನೋಡಿಕೊಳ್ಳಿ. ಬೇಸಿಗೆ ನೆತ್ತಿಗೇರಿದ ಮೇಲೆ ಓಡಿಹೋಗಿ ಮಾಡಿಸಿದರೆ ಆ ಬೇಸಿಗೆಗೆ ಉಪಯೋಗವಾಗುವುದಿಲ್ಲ. ಮತ್ತೆ, 42 ಡಿಗ್ರಿ ಬಿಸಿಲಿನಲ್ಲಿ ತಾರಸಿಯ ಮೇಲೆ ಕಟ್ಟಿಹಾಕಿ ನಾಯಿಗೆ ಬಿಸಿಲು ಬಡಿದರೆ ಕಂಪನಿ ಅದನ್ನು ನಿರ್ಲಕ್ಷ್ಯ ಅನ್ನಬಹುದು. (ಬಳ್ಳಾರಿಯಲ್ಲಿ ಹಸ್ಕಿ ಸಾಕುವವರನ್ನು ಕಂಡರೆ ನನಗೆ ಆ ನಾಯಿಯ ಮೇಲೆ ಕನಿಕರ ಬರುತ್ತದೆ. ಅದಕ್ಕೆ ವಿಮೆಗಿಂತ ಮೊದಲು ಕೂಲರ್ ಬೇಕು.)

ಕೊಳ್ಳುವುದಾದರೆ ಏಜೆಂಟ್ ಹತ್ತಿರ ‘ಗ್ರಾಹಕರ ಮಾಹಿತಿ ಹಾಳೆ’ ಕೇಳಿ. ಅದನ್ನು ಕೊಡುವುದು ಕಡ್ಡಾಯ. ಏನು ಸಿಗುತ್ತದೆ, ಏನು ಸಿಗುವುದಿಲ್ಲ ಅನ್ನುವುದು ಅದರಲ್ಲಿ ಚುಟುಕಾಗಿ ಇರುತ್ತದೆ. ‘ಸಿಗುವುದಿಲ್ಲ’ ಅನ್ನುವ ಭಾಗವನ್ನೇ ಮೊದಲು ಓದಿ. ಐದು ಸಾವಿರ ಅಂದದ್ದು ತೆರಿಗೆ ಸೇರಿಯೋ, ಸೇರದೆಯೋ ಕೇಳಿ. ಮನುಷ್ಯರ ವೈಯಕ್ತಿಕ ಆರೋಗ್ಯ ಪಾಲಿಸಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ತೆಗೆದಿದ್ದಾರೆ, ನಾಯಿ ಪಾಲಿಸಿಯೂ ಅದರಲ್ಲಿ ಬಂತು ಅಂದುಕೊಳ್ಳಬೇಡಿ. ಆರೋಗ್ಯ ವಿಮೆಯ ಕಂತಿಗೆ ಆದಾಯ ತೆರಿಗೆಯಲ್ಲಿ ಸಿಗುವ ವಿನಾಯಿತಿಯೂ (ಹಳೆಯ ಕಾಯ್ದೆಯ 80ಡಿ) ಇದಕ್ಕೆ ಇಲ್ಲ. ಯಾರಾದರೂ ಇದೆ ಎಂದರೆ ನಂಬಬೇಡಿ. ತೆಗೆದುಕೊಂಡ ಮೇಲೆ ಬೇಡ ಅನ್ನಿಸಿದರೆ, ಕ್ಲೇಮು ಏನೂ ಮಾಡಿರದಿದ್ದರೆ, ರದ್ದು ಮಾಡಿ ಉಳಿದ ಅವಧಿಯ ದುಡ್ಡು ವಾಪಸ್ ಕೇಳಬಹುದು. ಕಾರಣ ಹೇಳಬೇಕಿಲ್ಲ.

ಸಾಧ್ಯವಾದರೆ ಮೈಕ್ರೋಚಿಪ್ ಹಾಕಿಸಿ. ಅಕ್ಕಿ ಕಾಳಿನಷ್ಟು ಇರುತ್ತದೆ, ಭುಜದ ಚರ್ಮದ ಕೆಳಗೆ ಸೂಜಿಯಲ್ಲಿ ಕೂರಿಸುತ್ತಾರೆ. ಒಳಗಿನ 15 ಅಂಕಿಯ ನಂಬರೇ ನಾಯಿಯ ಗುರುತು. ಬಳ್ಳಾರಿಯಲ್ಲಿ ಹಳದಿ ಲ್ಯಾಬ್ರಡಾರ್‌ಗಳು ಒಂದರಂತೆ ಇನ್ನೊಂದು ಇರುತ್ತವೆ, ಸತ್ತದ್ದು ನಿಮ್ಮದೇ ಎಂದು ತೋರಿಸಲು ಫೋಟೋ ಸಾಕಾಗದೆ ಹೋಗಬಹುದು.

ಆ ಮಾತು ಬಂತು ಅಂತ ಇದನ್ನೂ ಹೇಳುತ್ತೇನೆ. ಪಾಲಿಸಿಯಲ್ಲಿ ಸಾವಿನ ಪರಿಹಾರ ಇದ್ದರೆ, ನಾಯಿ ತೀರಿಕೊಂಡ ಕೂಡಲೇ ಹೂಳಬೇಡಿ. ದುಃಖದಲ್ಲಿ ಎಲ್ಲರೂ ಮಾಡುವುದು ಅದನ್ನೇ, ಹೊಲದಲ್ಲೋ ಹಿತ್ತಲಲ್ಲೋ ಗುಂಡಿ ತೋಡಿ ಮುಗಿಸಿಬಿಡುತ್ತಾರೆ. ಮೊದಲು ಕಂಪನಿಗೆ ಫೋನ್ ಮಾಡಿ ಕ್ಲೇಮಿನ ನಂಬರ್ ಬರೆದುಕೊಳ್ಳಿ. ಡಾಕ್ಟರನ್ನು ಕರೆಸಿ, ಮರಣ ಪ್ರಮಾಣಪತ್ರ ಪಡೆಯಿರಿ, ಕಂಪನಿ ಕೇಳಿದರೆ ಪೋಸ್ಟ್‌ಮಾರ್ಟಂ ಆಗಬೇಕು. ಫೋಟೋ ತೆಗೆಯಿರಿ. ಕಳವಾದರೆ ಪೊಲೀಸ್ ದೂರಿನ ಪ್ರತಿ ಬೇಕು, ಪತ್ರಿಕೆಯಲ್ಲಿ ‘ಕಾಣೆಯಾಗಿದೆ’ ಪ್ರಕಟಣೆಯನ್ನೂ ಕೇಳಬಹುದು. ಚಿಕಿತ್ಸೆಯ ಕ್ಲೇಮಿಗೂ ತಿಳಿಸುವ ಗಡುವು ಇರುತ್ತದೆ, ಕೆಲವೊಮ್ಮೆ ಒಂದೆರಡು ದಿನವಷ್ಟೇ. ನಾಯಿಯನ್ನು ಆಪರೇಷನ್ ಟೇಬಲ್‌ಗೆ ಕಳಿಸಿ ಹೊರಗೆ ಕೂತಾಗಲೇ ಒಂದು ಫೋನ್ ಮಾಡಿಬಿಡಿ.

ಕ್ಲೇಮು ತಿರಸ್ಕರಿಸಿದರೆ ಯಾವ ಷರತ್ತಿನ ಪ್ರಕಾರ ಎಂದು ಬರವಣಿಗೆಯಲ್ಲಿ ಕೇಳಿ. ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ದೂರುಗಳನ್ನು ತೀರ್ಮಾನಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಹೋಗಬಹುದು, ಇಡೀ ಕರ್ನಾಟಕಕ್ಕೆ ಅವರೇ. ಶುಲ್ಕ ಇಲ್ಲ, ವಕೀಲರೂ ಬೇಡ. ಒಂದು ವರ್ಷದೊಳಗೆ ಹಾಕಬೇಕು. ವಿಮಾ ನಿಯಂತ್ರಣ ಪ್ರಾಧಿಕಾರದ ‘ಬಿಮಾ ಭರೋಸಾ’ ಎಂಬ ವೆಬ್‌ಸೈಟಿನಲ್ಲೂ ದೂರು ಕೊಡಬಹುದು, ಫೋನ್ 155255. ಏಜೆಂಟ್ ಜೊತೆ ಜಗಳ ಆಡಿ ಪ್ರಯೋಜನವಿಲ್ಲ, ತಿರಸ್ಕರಿಸಿದ್ದು ಅವರಲ್ಲ.

ಕೊನೆಯದು ನವೀಕರಣ. ಪಾಲಿಸಿ ಮುಗಿಯುವ ತಾರೀಖಿಗೆ ಒಂದು ವಾರ ಮುಂಚೆಯೇ ಕಟ್ಟಿ. ಒಂದು ದಿನ ತಪ್ಪಿದರೂ ಹೊಸ ಪಾಲಿಸಿ ಎಂದು ಹಿಡಿದು ಕಾಯುವ ಅವಧಿಯನ್ನು ಮತ್ತೆ ಮೊದಲಿನಿಂದ ಎಣಿಸಬಹುದು. ಹಳೆಯ ಪಾಲಿಸಿ ಇದ್ದಾಗ ಬಂದ ಕಾಯಿಲೆಯನ್ನು ‘ಮೊದಲೇ ಇತ್ತು’ ಎಂದು ಹೊರಗಿಡಬಹುದು. ಹೇಗೂ ಬೈಕ್ ವಿಮೆಗೆ ಏಜೆಂಟ್ ವರ್ಷಕ್ಕೊಮ್ಮೆ ನೆನಪಿಸುತ್ತಾರಲ್ಲ, ಅದರ ಜೊತೆಗೇ ಇದನ್ನೂ ನೆನಪಿಸಲು ಹೇಳಿಡಿ. ಆದರೂ ತಾರೀಖನ್ನು ಶೇರುವಿನ ಲಸಿಕೆ ಕಾರ್ಡಿನ ಹಿಂದೆ ನೀವೂ ಬರೆದಿಟ್ಟುಕೊಳ್ಳಿ.